ಶಿರಸಿಯಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್: ಏಳು ಜನ, ಕಾರಿಲ್ಲ. ಎಲ್ಲಿಗೆ ಹೋಗೋಣ?

ಮಲೆನಾಡ ಮಗಳು, ಶಿರಸಿ (ಏಪ್ರಿಲ್ 12)

ಎಲ್ಲರಿಗೂ ನಮಸ್ಕಾರ. ರಜೆಗೆ ಹುಬ್ಬಳ್ಳಿಯಿಂದ ಅಕ್ಕ ಮಕ್ಕಳನ್ನು ಕರೆದುಕೊಂಡು ಬಂದಿದ್ದಾಳೆ. ಮುಂದಿನ ವಾರ ಪುಣೆಯಿಂದ ಅತ್ತಿಗೆ ಬರುತ್ತಾರೆ. ನಾನು, ನಮ್ಮ ಯಜಮಾನರು, ಅಕ್ಕ, ಅವಳ ಮಗಳು (13), ಮಗ (8), ಅತ್ತಿಗೆ, ಮತ್ತೆ ನಮ್ಮ ಆಯಿ. ಒಟ್ಟು ಏಳು ಜನ. ಆಯಿಗೆ 68, ಮೊಣಕಾಲು ನೋವು. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ನಡೆಯುತ್ತಾಳೆ, ಮೆಟ್ಟಿಲು ಆಗುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ಗಾಡಿ ಬಾಡಿಗೆಗೆ ಮಾಡಿಕೊಂಡು ಒಂದೇ ದಿನ ಐದು ಜಾಗ ನೋಡಿದೆವು. 6,500 ರೂಪಾಯಿ ಹೋಯಿತು. ಜಲಪಾತದಲ್ಲಿ ನೀರೇ ಇರಲಿಲ್ಲ, ಬಂಡೆ ಮೇಲೆ ಒಂದು ಎಳೆ ಇಳಿಯುತ್ತಿತ್ತು ಅಷ್ಟೆ. ಘಟ್ಟದ ತಿರುವಿನಲ್ಲಿ ಮಕ್ಕಳಿಬ್ಬರೂ ವಾಂತಿ ಮಾಡಿಕೊಂಡರು. ಆಯಿ ಇಡೀ ದಿನ ಗಾಡಿಯಲ್ಲೇ ಕೂತಿದ್ದಳು. "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೆ" ಅಂತ ಐದೂ ಕಡೆ ಹೇಳಿದಳು. ಅದು ನನಗೆ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಈ ಸಲ ಬಸ್ಸಿನಲ್ಲೇ ಹೋಗಬೇಕು ಅಂತಿದ್ದೇವೆ. ಊಟ-ತಿಂಡಿ ಸೇರಿ ದಿನಕ್ಕೆ 1,500 ದಾಟಬಾರದು. ಎರಡು ಅಥವಾ ಮೂರು ದಿನ ಸಾಕು. ಆಯಿ ಕೂಡ ಇಳಿದು ನೋಡುವಂತಹ ಜಾಗ ಬೇಕು. ದಯವಿಟ್ಟು ಗೊತ್ತಿದ್ದವರು ಹೇಳಿ.

ಸುತ್ತಾಟ, ಹಾವೇರಿ (ಏಪ್ರಿಲ್ 12)

ಯಾಣ, ಉಂಚಳ್ಳಿ, ಜೋಗ ನೋಡಲೇಬೇಕು. ಬೆಳಿಗ್ಗೆ ಐದಕ್ಕೆ ಹೊರಟರೆ ಮೂರೂ ಒಂದೇ ದಿನಕ್ಕೆ ಆಗುತ್ತದೆ. ಆದರೆ ಬಸ್ಸಿನಲ್ಲಿ ಕಷ್ಟ, ಗಾಡಿ ಮಾಡಿಕೊಳ್ಳಿ.

ನಿವೃತ್ತ ಕಂಡಕ್ಟರ್, ಕುಮಟಾ (ಏಪ್ರಿಲ್ 13)

ತಂಗಿ, ನಿಮ್ಮ ಆಯಿಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅದರಲ್ಲಿ ಹನ್ನೊಂದು ವರ್ಷ ಶಿರಸಿ–ಕುಮಟಾ ರೂಟಿನಲ್ಲೇ ಇದ್ದೆ. ರಜೆ ದಿನಗಳಲ್ಲಿ ಎಷ್ಟು ಕುಟುಂಬಗಳು ಖುಷಿಯಿಂದ ಹತ್ತಿದವು, ಎಷ್ಟು ಜನ ಸಂಜೆ ಮುಖ ಬಾಡಿಸಿಕೊಂಡು ವಾಪಸ್ ಬಂದರು ಅಂತ ಕಣ್ಣಾರೆ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಾವೇರಿಯವರು ಹೇಳಿದ ಜಾಗಗಳೆಲ್ಲ ಚಂದವೇ. ಆದರೆ ಈ ತಿಂಗಳಲ್ಲಿ ಅಲ್ಲ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಅದನ್ನು ನೋಡಬೇಕಾದರೆ ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಹೋಗಬೇಕು. ಮಾಗೋಡು, ಜೋಗವೂ ಹಾಗೇ. ಏಪ್ರಿಲ್–ಮೇ ತಿಂಗಳಲ್ಲಿ ಅಷ್ಟು ದೂರ ಹೋಗಿ ಒಣ ಬಂಡೆ ನೋಡಿ ಬರುವುದು ಯಾಕೆ? ಯಾಣದ ಕಪ್ಪು ಬಂಡೆ ಬೇಸಿಗೆಯಲ್ಲೂ ನೋಡಬಹುದು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಕತ್ತೆತ್ತಿ ನಿಂತರೆ ಮಾತೇ ಹೊರಡುವುದಿಲ್ಲ. ಆದರೆ ಅಲ್ಲಿ ನಡಿಗೆ ಇದೆ, ಮೆಟ್ಟಿಲಿದೆ, ಬಸ್ಸು ಕಡಿಮೆ. ಆಯಿಯನ್ನು ಮತ್ತೆ ಕೆಳಗೇ ಕೂರಿಸಬೇಕಾಗುತ್ತದೆ. ಬಂಡೆ ಮೇಲೆ ಜೇನುಹುಟ್ಟು ಬೇರೆ ಇರುತ್ತವೆ, ಮಕ್ಕಳನ್ನು ಕೂಗಾಡಲು ಬಿಡುವಂತಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣುವಂಥದ್ದು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿದೆ. ಅದನ್ನು ನೋಡಿ. ಮಳೆಗಾಲಕ್ಕೆ ಬಂದವರಿಗೆ ಅದು ಸಿಗುವುದಿಲ್ಲ.

ಮೊದಲ ದಿನ ದೂರ ಬೇಡ, ಸಹಸ್ರಲಿಂಗಕ್ಕೆ ಹೋಗಿ. ಯಲ್ಲಾಪುರ ರಸ್ತೆಯಲ್ಲಿ ನಿಮ್ಮಿಂದ 14 ಕಿ.ಮೀ. ಹತ್ತಿರ. ಶಾಲ್ಮಲಾ ನದಿಯ ಬಂಡೆಬಂಡೆಗೂ ಲಿಂಗ, ಎದುರಿಗೊಂದು ನಂದಿ. ಸೋದೆಯ ಅರಸು ಸದಾಶಿವರಾಯರ ಕಾಲದ್ದು (1678–1718) ಅನ್ನುತ್ತಾರೆ. ಮಳೆಗಾಲದಲ್ಲಿ ಎಲ್ಲಾ ನೀರಿನಡಿ. ಈಗ ನದಿ ಇಳಿದಿರುತ್ತದೆ, ಬಂಡೆಗಳ ನಡುವೆ ತಣ್ಣಗೆ ಹರಿಯುತ್ತಿರುತ್ತದೆ. ಮಕ್ಕಳು ಒಂದೊಂದೇ ಲಿಂಗ ಎಣಿಸುತ್ತಾ ಅರ್ಧ ದಿನ ಕಳೆಯುತ್ತಾರೆ. ಬಸ್ಸು ಹುಳಗೋಳ ಕ್ರಾಸಿನಲ್ಲಿ ಬಿಡುತ್ತದೆ, ಅಲ್ಲಿಂದ ಸುಮಾರು 2 ಕಿ.ಮೀ. ಇದೆ. ಆಯಿ ಇದ್ದಾರೆ, ಆ ತುಂಡು ದಾರಿಗೆ ಮಾತ್ರ ಶಿರಸಿಯಿಂದಲೇ ಒಂದು ಆಟೋ ಮಾತಾಡಿಕೊಳ್ಳಿ. ಇದೊಂದು ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಆಯಿ ದಂಡೆಯ ಮರದ ನೆರಳಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂರಬಹುದು. ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ಕಸ ವಾಪಸ್ ತನ್ನಿ. ನದಿ ಸಣ್ಣದಾದಾಗ ಒಂದು ಪ್ಲಾಸ್ಟಿಕ್ ಕವರ್ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ.

ಎರಡನೇ ದಿನ ಘಟ್ಟ ಇಳಿಯಿರಿ, ನಮ್ಮ ಕಡೆ ಬನ್ನಿ. ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಶಿರಸಿಯಿಂದ ಕುಮಟಾಕ್ಕೆ ಎರಡು ತಾಸಿಗಿಂತ ಸ್ವಲ್ಪ ಜಾಸ್ತಿ. ಮಕ್ಕಳಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಒಂದು ಬಾಳೆಹಣ್ಣು ಸಾಕು. ಬಸ್ಸಿನ ಮಧ್ಯದ ಸೀಟು, ಕಿಟಕಿ ಪಕ್ಕ, ಮೊಬೈಲ್ ಕೊಡಬೇಡಿ, ದೂರ ನೋಡಲು ಹೇಳಿ. ಹಿಂದಿನ ಸೀಟಿನಲ್ಲಿ ಕೂತವರೇ ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವುದು. ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಇದು. ರಸ್ತೆ ಕೆಲಸಕ್ಕೆ ಘಟ್ಟ ಮುಚ್ಚುವುದುಂಟು, ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ.

ಕುಮಟಾದಲ್ಲಿ ಇಳಿದು ಬನ್ಸ್-ಬಾಜಿ ತಿಂದು, ಅಘನಾಶಿನಿ ಊರಿನ ಬಸ್ಸು ಹತ್ತಿ. ಬಾಡ, ಕಾಗಾಲ ಮೇಲೆ ಹೋಗುತ್ತದೆ. ಅಲ್ಲಿ ಹೊಳೆ ಸಮುದ್ರ ಸೇರುತ್ತದೆ. ದಡದಲ್ಲಿ ತಾರಿ (ಹೊಳೆ ದಾಟಿಸುವ ದೋಣಿ) ಸಿಗುತ್ತದೆ, ಆಚೆ ದಡ ತದಡಿ. ಸ್ವಲ್ಪವೇ ಹೊತ್ತಿನ ಪ್ರಯಾಣ, ಆದರೆ ಘಟ್ಟದ ಮೇಲಿನ ಮಕ್ಕಳಿಗೆ ಇಡೀ ದಿನದ ನೆನಪು ಅದೇ ಆಗುತ್ತದೆ. ನೋಡ್ತಾ ಇರಿ. ಇಳಿತದ ಹೊತ್ತಿಗೆ ಹೋದರೆ ಹೊಳೆಯ ನಡುವೆ ಮರಳು-ಕೆಸರಿನ ದಿಬ್ಬ ಏಳುತ್ತದೆ. ಹೆಂಗಸರು, ಗಂಡಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಮೀನು) ಆರಿಸುತ್ತಿರುತ್ತಾರೆ. ಭರತ-ಇಳಿತ ದಿನಕ್ಕೆ ಎರಡೆರಡು ಸಲ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ನಿಮ್ಮ ಅಕ್ಕನ ಮಗಳಿಗೆ ಇದು ಪಾಠದಲ್ಲಿ ಬಂದಿರಬಹುದು. ಕಣ್ಣಿಂದ ನೋಡಿದರೆ ಮರೆಯುವುದಿಲ್ಲ. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಹುಟ್ಟಿದ ಹಾಗೇ ಬಂದು ಕಡಲು ಸೇರುತ್ತದೆ. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಮೀನಿನ ಮರಿ, ಸಿಗಡಿ, ಏಡಿ, ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತ, ಎಲ್ಲಾ ಇದೇ ನೀರಿನ ಮೇಲೆ ಬದುಕುತ್ತವೆ. ನಾವೂ ಬದುಕಿದ್ದು ಇದರಿಂದಲೇ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ತದಡಿಯಿಂದ ಗೋಕರ್ಣದ ಬಸ್ಸು ಹತ್ತಿದರೆ ದಾರಿಯಲ್ಲಿ ಸಾಣಿಕಟ್ಟಾ. ಬೇಸಿಗೆಯಲ್ಲಿ ಮಾತ್ರ ಕಾಣುವ ಇನ್ನೊಂದು ಕೆಲಸ ಅಲ್ಲಿ ನಡೆಯುತ್ತದೆ, ಉಪ್ಪು ತೆಗೆಯುವುದು. ಭರತದ ನೀರನ್ನು ಬಾಗಿಲು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಿಸಿಲಿಗೆ ದಪ್ಪ ಮಾಡುತ್ತಾರೆ. ಕೊನೆಯ ಕಟ್ಟೆಯಲ್ಲಿ ಹರಳು ಕಟ್ಟುತ್ತದೆ, ಉದ್ದ ಹಿಡಿಕೆಯ ಹಲಗೆಯಲ್ಲಿ ಎಳೆದು ಗುಡ್ಡೆ ಹಾಕುತ್ತಾರೆ. ಮೊದಲ ಮಳೆ ಬಿದ್ದರೆ ಕೆಲಸ ಮುಗಿಯಿತು. ಕೆಲಸದವರನ್ನು ಕೇಳಿಕೊಂಡು ಬದುವಿನ ಮೇಲೆ ನಿಂತು ನೋಡಿ, ಗದ್ದೆಗೆ ಇಳಿಯಬೇಡಿ. ಬಿಸಿಲು ಉಪ್ಪಿಗೆ ಬಡಿದು ಕಣ್ಣಿಗೆ ಹೊಡೆಯುತ್ತದೆ, ಹತ್ತು ಗಂಟೆಯೊಳಗೆ ಹೋದರೆ ಒಳ್ಳೆಯದು.

ಆಮೇಲೆ ಗೋಕರ್ಣ. ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ, ಊಟ, ಸ್ವಲ್ಪ ವಿಶ್ರಾಂತಿ. ಓಂ ಬೀಚಿಗೆ ಹೋಗಬೇಡಿ, ಮೆಟ್ಟಿಲು ಇಳಿಯಬೇಕು. ದೇವಸ್ಥಾನದ ಹತ್ತಿರದ ಊರ ಕಡಲತೀರಕ್ಕೇ ಹೋಗಿ, ಸಮತಟ್ಟಾಗಿದೆ, ಆಯಿಯೂ ಮರಳಿನವರೆಗೆ ಬರಬಹುದು. ನಾಲ್ಕು ಗಂಟೆಗೆ ಮುಂಚೆ ಮರಳು ಕಾಲು ಸುಡುತ್ತದೆ.

ಕಡಲಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳು ಮೊಣಕಾಲಿನ ನೀರಿಗಿಂತ ಮುಂದೆ ಹೋಗಬಾರದು, ಪಕ್ಕದಲ್ಲಿ ಒಬ್ಬ ದೊಡ್ಡವರು ಕೈ ಹಿಡಿದೇ ಇರಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಹೋಗಿಬಿಟ್ಟರು. ಅದೇ ಕಡಲು ನಮ್ಮದು. ಮೇಲಿನಿಂದ ಶಾಂತವಾಗಿ ಕಾಣುತ್ತದೆ, ಕೆಳಗೆ ಸೆಳೆತ ಇರುತ್ತದೆ. ಮೇ ಅರ್ಧ ಆದಮೇಲೆ ಅಲೆ ಬದಲಾಗುತ್ತದೆ, ಆಗ ನೀರಿಗೇ ಇಳಿಸಬೇಡಿ.

ಇನ್ನು ವಾಪಸ್ ಬಸ್ಸು. ಇದಕ್ಕೆ ಒಂದು ಕಥೆ ಇದೆ. ತುಂಬಾ ವರ್ಷಗಳ ಹಿಂದೆ, ಮೇ ತಿಂಗಳು, ನಾನು ವಸ್ತಿ ಬಸ್ಸಿನಲ್ಲಿದ್ದೆ. ರಾತ್ರಿ ಹಳ್ಳಿಯಲ್ಲಿ ಉಳಿದು ಬೆಳಿಗ್ಗೆ ವಾಪಸ್ ಬರುವ ಬಸ್ಸು ಅದು. ಕಾಡಿನ ನಡುವೆ ಒಂದು ಕ್ರಾಸಿನಲ್ಲಿ, ಕತ್ತಲಲ್ಲಿ, ಆರು ಜನ ನಿಂತಿದ್ದರು. ಒಬ್ಬ ಅಜ್ಜಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಪೇಟೆ ಕಡೆಯ ಕೊನೆಯ ಬಸ್ಸು ಹೋಗಿ ಒಂದು ತಾಸಾಗಿತ್ತು. ನಮ್ಮ ಬಸ್ಸು ಎದುರು ದಿಕ್ಕಿಗೆ ಹೋಗುವುದು. ಬಿಟ್ಟು ಹೋಗುವುದಾದರೂ ಹೇಗೆ? ಹತ್ತಿಸಿಕೊಂಡೆವು. ಆ ಹಳ್ಳಿಯವರು ಗಂಜಿ, ಉಪ್ಪಿನಕಾಯಿ ಕೊಟ್ಟರು. ಎಲ್ಲರೂ ದೇವಸ್ಥಾನದ ಜಗುಲಿಯಲ್ಲಿ ಮಲಗಿದೆವು. ಬೆಳಿಗ್ಗೆ ಆ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು. ಆವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಊರು ಮುಟ್ಟಿದ ಕೂಡಲೇ ಮೊದಲು ವಾಪಸ್ ಬಸ್ಸಿನ ಸಮಯ ಕೇಳಿ, ಕೊನೆಯದಕ್ಕಿಂತ ಒಂದು ಮುಂಚಿನದನ್ನು ಹಿಡಿಯಿರಿ. ಗೋಕರ್ಣದಿಂದ ನೇರ ಶಿರಸಿ ಬಸ್ಸು ಸಿಗದಿದ್ದರೆ ಕುಮಟಾಕ್ಕೆ ಬಂದು ಬದಲಾಯಿಸಿ.

ಟಿಕೆಟ್ ಲೆಕ್ಕ: 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನಿಮಗೆ, ಅಕ್ಕನಿಗೆ, ಮಗಳಿಗೆ, ಆಯಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ, ಸೊನ್ನೆ ಟಿಕೆಟ್ ಕೇಳಿ ಪಡೆಯಿರಿ. ಪುಣೆಯ ಅತ್ತಿಗೆಗೆ ಪೂರ್ತಿ ಟಿಕೆಟ್, ಹುಡುಗನಿಗೆ ಅರ್ಧ.

ಮೂರನೇ ದಿನ ಉಳಿದರೆ ಬನವಾಸಿ ಸಾಕು, ಅರ್ಧ ದಿನದ ಕೆಲಸ. ಬಸ್ಸು ಬೇಕಾದಷ್ಟಿದೆ. ಮಧುಕೇಶ್ವರ ದೇವಸ್ಥಾನದ ಒಳಗೆ ಕಲ್ಲು ತಂಪಾಗಿರುತ್ತದೆ. ಕಲ್ಲಿನ ಮಂಚ ನೋಡಿ. ಕದಂಬರಿಗೂ ಹಿಂದಿನ ನಾಗರಕಲ್ಲು ಇದೆ, ಅದರಲ್ಲಿ ಪ್ರಾಕೃತದ ಬರಹ. ಬರುವಾಗ ಅನಾನಸು ಕೊಳ್ಳಿ, ಆ ಕಡೆಯೆಲ್ಲ ಅದೇ ಬೆಳೆ.

ಅಂಕೋಲೆಯ ಹುಡುಗಿ (ಏಪ್ರಿಲ್ 13)

ಕಂಡಕ್ಟರ್ ಮಾಮ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ನಾನು ಒಂದೇ ಒಂದು ಸೇರಿಸುತ್ತೇನೆ. ಅಕ್ಕಾ, ಮೇ ತಿಂಗಳಲ್ಲಿ ಇನ್ನೊಂದು ಸಲ ಘಟ್ಟ ಇಳಿಯುವುದಾದರೆ ಅಂಕೋಲೆಗೆ ಬನ್ನಿ, ಮಾವಿನಹಣ್ಣಿಗೆ. ನಮ್ಮ ಕರಿ ಈಶಾಡಕ್ಕೆ 2023ರಲ್ಲಿ ಜಿಐ ಗುರುತು (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ಸಿಪ್ಪೆ ತೆಳ್ಳಗೆ, ತಿರುಳು ಜಾಸ್ತಿ. ಬಿಳಿ ಈಶಾಡ ಅಂತ ಇನ್ನೊಂದಿದೆ, ಅದರ ಸಿಪ್ಪೆ ದಪ್ಪ, ಸಿಹಿ ಸ್ವಲ್ಪ ಕಡಿಮೆ. ಕೊಳ್ಳುವಾಗ ಯಾವುದು ಅಂತ ಕೇಳಿ. ನಮ್ಮ ಅಜ್ಜಿ ಮೂವತ್ತು ವರ್ಷ ಬುಟ್ಟಿ ಹೊತ್ತು ಪೇಟೆಯಲ್ಲಿ ಕೂತು ಮಾರಿದವಳು. ಬೇಗ ಮೆತ್ತಗಾಗುವ ಹಣ್ಣು ಇದು, ದೂರದ ಪೇಟೆಗೆ ಹೋಗುವುದೇ ಕಷ್ಟ. ಅದಕ್ಕೆ ಇಲ್ಲಿಗೇ ಬಂದು ತಿನ್ನಬೇಕು. ರಸ್ತೆ ಬದಿಯಲ್ಲಿ ಕೂತ ಹೆಂಗಸರ ಹತ್ತಿರ ಕೊಳ್ಳಿ, ತುಂಬಾ ಚೌಕಾಸಿ ಮಾಡಬೇಡಿ. ಮರ ಹತ್ತುವವರಿಗೆ ಕೂಲಿ ಕೊಟ್ಟು, ಹುಲ್ಲಿನಲ್ಲಿ ಹಣ್ಣು ಮಾಡಿ, ಬೆಳಗಿನ ಬಸ್ಸಿಗೆ ಹೊತ್ತು ತಂದಿರುತ್ತಾರೆ.

ಕಾಳಿ ದಂಡೆ, ಕಾರವಾರ (ಏಪ್ರಿಲ್ 14)

ಶಿರಸಿಯಿಂದ ಒಂದೇ ದಿನಕ್ಕೆ ಕಾರವಾರ ಬೇಡ, ಬಸ್ಸಿನಲ್ಲೇ ದಿನ ಹೋಗುತ್ತದೆ. ಕುಮಟಾ ಅಥವಾ ಅಂಕೋಲೆಯಲ್ಲಿ ನೆಂಟರಿದ್ದು ಒಂದು ರಾತ್ರಿ ಉಳಿಯುವುದಾದರೆ ಬನ್ನಿ. ಕೊಂಕಣ ರೈಲಿನ ಪ್ಯಾಸೆಂಜರ್ ಗಾಡಿಯಲ್ಲಿ ಬರಬಹುದು, ಆದರೆ ಸ್ಟೇಶನ್ ಶಿರವಾಡದಲ್ಲಿದೆ, ಪೇಟೆಗೆ ಇನ್ನೊಂದು ಬಸ್ಸು ಹತ್ತಬೇಕು. ಟಾಗೋರ್ ಕಡಲತೀರ ಪೇಟೆಯಲ್ಲೇ ಇದೆ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಆಗ ರವೀಂದ್ರನಾಥರು ಇಲ್ಲಿಗೆ ಬಂದು, ಈ ಕಡಲ ಪಕ್ಕದಲ್ಲೇ ಒಂದು ನಾಟಕ ಬರೆದರು. ಅವರಿಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಮಕ್ಕಳಿಗೆ ಅಲ್ಲೇ ಚಪಲ್ ಯುದ್ಧನೌಕೆಯ ಸಂಗ್ರಹಾಲಯ ಇದೆ. ಮಾಜಾಳಿ ಆಚೆಗಿನ ತೀಳಮಾತಿಯ ಎಳ್ಳಿನಂಥ ಕಪ್ಪು ಮರಳು ನನಗೆ ತುಂಬಾ ಇಷ್ಟ. ಆದರೆ ಗುಡ್ಡ ಹತ್ತಿ ಇಳಿಯಬೇಕು, ಆಯಿಗೆ ಆಗಲಿಕ್ಕಿಲ್ಲ.

ಮಲೆನಾಡ ಮಗಳು, ಶಿರಸಿ (ಮೇ 4)

ಎಲ್ಲರಿಗೂ ತುಂಬಾ ಧನ್ಯವಾದ. ಹೋಗಿ ಬಂದೆವು. ಕಂಡಕ್ಟರ್ ಅಣ್ಣ ಹೇಳಿದ ಹಾಗೇ ಮಾಡಿದೆವು, ಅದಕ್ಕೆ ಇಲ್ಲಿ ಬಂದು ಹೇಳಲೇಬೇಕು ಅನಿಸಿತು.

ಸಹಸ್ರಲಿಂಗದಲ್ಲಿ ಹುಡುಗ 112ರವರೆಗೆ ಎಣಿಸಿದ. ಆಮೇಲೆ ಅಕ್ಕ-ತಮ್ಮನಿಗೆ ಯಾವುದನ್ನು ಎರಡು ಸಲ ಎಣಿಸಿದ್ದು ಅಂತ ಜಗಳ. ಆಯಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು, ಎರಡು ತಾಸು ಏಳಲಿಲ್ಲ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಶಿವರಾತ್ರಿಗೆ ಇಲ್ಲಿಗೆ ನಡೆದು ಬಂದಿದ್ದಳಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಕುಮಟಾ ದಿನದ ಖರ್ಚು ಬರೆದಿಟ್ಟಿದ್ದೇನೆ, ಬೇರೆಯವರಿಗೂ ಉಪಯೋಗ ಆಗಲಿ. ಬಸ್ಸು, ತಾರಿ ಎಲ್ಲಾ ಸೇರಿ 660. ಬೆಳಗಿನ ತಿಂಡಿಗೆ ಮನೆಯ ಅವಲಕ್ಕಿ ಇತ್ತು, ಮಧ್ಯಾಹ್ನದ ಊಟ 560. ಎಳನೀರು, ಐಸ್‌ಕ್ರೀಂ 210. ಒಟ್ಟು 1,430. ಘಟ್ಟದಲ್ಲಿ ಯಾರಿಗೂ ವಾಂತಿ ಆಗಲಿಲ್ಲ, ಮಧ್ಯದ ಸೀಟೇ ಹಿಡಿದಿದ್ದೆವು.

ಎರಡು ತಪ್ಪು ಮಾಡಿದೆವು. ತಾರಿ ಹತ್ತುವ ಮುಂಚೆ ದಡದಲ್ಲಿ ಹುಡುಗ ಚಪ್ಪಲಿ ಬಿಚ್ಚಿ ಓಡಿದ. ಕಲ್ಲಿಗೆ ಅಂಟಿದ ಚಿಪ್ಪು ಅಂಗಾಲು ಕೊಯ್ಯಿತು. ಅಲ್ಲೇ ಬಳಚು ಆರಿಸುತ್ತಿದ್ದ ಒಬ್ಬ ಅಕ್ಕ ಬಂದು ತಮ್ಮ ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆ ಹರಿದು ಕಟ್ಟಿದರು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. ಮಕ್ಕಳ ಚಪ್ಪಲಿ ಬಿಚ್ಚಿಸಬೇಡಿ. ಇನ್ನೊಂದು, ಸಾಣಿಕಟ್ಟಾಕ್ಕೆ ಮುಟ್ಟುವಾಗ ಹನ್ನೊಂದೂವರೆ ಆಗಿತ್ತು. ಆ ಸೆಖೆ, ಆ ಬಿಳಿ ಬೆಳಕು ತಡೆಯಲಾಗಲಿಲ್ಲ. ನಾವು ಹತ್ತು ನಿಮಿಷ ನಿಂತು ಸುಸ್ತಾದೆವು. ಅಲ್ಲಿಯ ಜನ ಅದೇ ಬಿಸಿಲಲ್ಲಿ ಬರಿಗಾಲಲ್ಲಿ ಉಪ್ಪು ಎಳೆಯುತ್ತಿದ್ದರು. ಹುಡುಗಿ ಬಸ್ಸಿನಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಪ್ಪು ಯಾಕೆ ಅಷ್ಟು ಕಡಿಮೆ ಬೆಲೆಗೆ ಸಿಗುತ್ತೆ ಚಿಕ್ಕಮ್ಮ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೋಕರ್ಣದಲ್ಲಿ ಆಯಿ ದರ್ಶನ ಮಾಡಿ, ಐದು ಗಂಟೆಗೆ ಕಡಲತೀರಕ್ಕೆ ಬಂದಳು. ಅಕ್ಕ ಒಂದು ಕೈ, ನಾನು ಒಂದು ಕೈ ಹಿಡಿದುಕೊಂಡೆವು. ಅಲೆ ಬಂದು ಪಾದ ಮುಟ್ಟಿದಾಗ ಸೀರೆ ಎತ್ತಿಕೊಂಡು ನಕ್ಕಳು. ಅತ್ತಿಗೆ ಫೋಟೋ ತೆಗೆದಿದ್ದಾರೆ.

ಅಣ್ಣ, ಬನವಾಸಿ ಇನ್ನೂ ಆಗಿಲ್ಲ. ಅತ್ತಿಗೆ ಹತ್ತನೇ ತಾರೀಕಿನವರೆಗೆ ಇರುತ್ತಾರೆ. ಮಧ್ಯಾಹ್ನ ದೇವಸ್ಥಾನ ಮುಚ್ಚುತ್ತದಾ?

ನಿವೃತ್ತ ಕಂಡಕ್ಟರ್, ಕುಮಟಾ (ಮೇ 4)

ಓದಿ ಕಣ್ಣು ತುಂಬಿ ಬಂತು ತಂಗಿ. ಹುಡುಗನ ಕಾಲು ವಾಸಿಯಾಯಿತಾ? ಚಿಪ್ಪು ಕೊಯ್ದಿದ್ದು ಕೀವು ಆಗುವುದುಂಟು. ಇನ್ನೂ ಕೆಂಪಗಿದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಬನವಾಸಿಗೆ ಬೆಳಿಗ್ಗೆಯೇ ಹೋಗಿಬಿಡಿ, ಮಧ್ಯಾಹ್ನದ ಚಿಂತೆಯೇ ಬೇಡ. ಎಂಟು ಗಂಟೆ ಒಳಗೆ ಶಿರಸಿ ಬಿಟ್ಟರೆ ಊಟಕ್ಕೆ ಮನೆಗೆ ವಾಪಸ್.

ಮಲೆನಾಡ ಮಗಳು, ಶಿರಸಿ (ಮೇ 5)

ಕಾಲು ವಾಸಿಯಾಗಿದೆ ಅಣ್ಣ, ನಿನ್ನೆ ಅಂಗಳದಲ್ಲಿ ಕ್ರಿಕೆಟ್ ಆಡಿದ. ನಾಡಿದ್ದು ಬನವಾಸಿಗೆ ಹೋಗುತ್ತೇವೆ. ಅಂದಹಾಗೆ ಸಾಣಿಕಟ್ಟಾದಿಂದ ಆಯಿ ಐದು ಕಿಲೋ ಹರಳುಪ್ಪು ತಂದಿದ್ದಾಳೆ. ಕೊನೆಗೆ ಸಿಕ್ಕ ಅಪ್ಪೆಮಿಡಿಯನ್ನೆಲ್ಲ ಅದರಲ್ಲೇ ಹಾಕಿ ಭರಣಿ ಕಟ್ಟಿಟ್ಟಿದ್ದಾಳೆ.